ಸಹಾಯ ಬೇಕು: ಸೆಸ್ನಾ 152ರ ಇಂಜಿನ್ ಅರ್ಧಂಬರ್ಧ ಓಡಿದರೆ ಏನು ಮಾಡುತ್ತೀರಿ?

ಎಲ್ಲರಿಗೂ ನಮಸ್ಕಾರ. ಸೆಸ್ನಾ 152 ಎಂಬ ಪುಟ್ಟ ತರಬೇತಿ ವಿಮಾನದಲ್ಲಿ ಹಾರಾಟ ಕಲಿಯುತ್ತಿದ್ದೇನೆ. ಮೊನ್ನೆ ಮಳೆ ಬಿಟ್ಟ ಬೆಳಗ್ಗೆ ಪವರ್ ಕಮ್ಮಿ ಮಾಡಿ ಇಳಿಯುವಾಗ ಆರ್‌ಪಿಎಂ ತಾನಾಗೇ ಬಿತ್ತು, ಇಂಜಿನ್ ನಡುಗತೊಡಗಿತು. ಕಾರ್ಬ್ ಹೀಟ್ (ಗಾಳಿ-ಇಂಧನ ಬೆರೆಸುವ ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಬಿಡುವ ಹಿಡಿ) ಎಳೆದೆ. ನಡುಕ ಇನ್ನೂ ಜಾಸ್ತಿ ಆಯ್ತು! "ಹಾಗೇ ಬಿಡು, ಒಳಗೆ ತಳ್ಳಬೇಡ" ಅಂದರು ಇನ್‌ಸ್ಟ್ರಕ್ಟರ್ ಸರ್. ಸ್ವಲ್ಪ ಹೊತ್ತಿಗೆ ಸರಿಹೋಯ್ತು.

ಕಾರಣ ಆಮೇಲೆ ತಿಳಿಯಿತು. ಗಾಳಿಯಲ್ಲಿ ತೇವ ಇದ್ದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕಾರ್ಬ್ಯುರೇಟರ್ ಒಳಗೆ ಐಸ್ ಕಟ್ಟುತ್ತದೆ. ಬಿಸಿ ಗಾಳಿಗೆ ಅದು ಕರಗಿ ನೀರು ಇಂಜಿನ್‌ಗೆ ಹೋಗುವಾಗ ನಡುಕ ಹೆಚ್ಚುತ್ತದೆ.

ಇಂಜಿನ್ ಪೂರ್ತಿ ನಿಂತರೆ ನನಗೆ ಗೊಂದಲ ಇಲ್ಲ. 60 ನಾಟ್ ವೇಗದಲ್ಲಿ ಗ್ಲೈಡ್ (ಇಂಜಿನ್ ಇಲ್ಲದೆ ತೇಲುತ್ತಾ ಇಳಿಯುವುದು), ಇಳಿಯಲು ಬಯಲು ಹುಡುಕೋದು, ಫ್ಯುಯೆಲ್, ಮಿಕ್ಸ್‌ಚರ್ (ಗಾಳಿ-ಇಂಧನದ ಪ್ರಮಾಣ), ಮ್ಯಾಗ್ನೆಟೊ (ಇಂಜಿನ್‌ಗೆ ಕಿಡಿ ಕೊಡುವ ಭಾಗ) ನೋಡೋದು, ಮೇಡೇ (ಪ್ರಾಣಾಪಾಯದ ರೇಡಿಯೋ ಕರೆ). ಆದರೆ ಅರ್ಧ ಪವರ್ ಉಳಿದಿದ್ದರೆ? ರನ್‌ವೇವರೆಗೂ ತಲುಪಬಹುದು ಅನ್ನೋ ಆಸೆ ಹುಟ್ಟುತ್ತೆ ಅಲ್ವಾ, ಅದೇ ಭಯ. ಅದು ಯಾವಾಗ ಬೇಕಾದರೂ ನಿಲ್ಲಬಹುದು.

ಒಬ್ಬರೇ ಹಾರುವಾಗ ನೀವು ಹೇಗೆ ನಿರ್ಧರಿಸುತ್ತೀರಿ? ಎತ್ತರ ಉಳಿಯದಿದ್ದರೆ ತಕ್ಷಣ ಬಯಲಿಗೇ ಇಳಿಯುತ್ತೀರಾ? ಪ್ಯಾನ್ ಪ್ಯಾನ್ ಕರೆ (ಮೇಡೇಗಿಂತ ಒಂದು ಹಂತ ಕೆಳಗಿನ ತುರ್ತು ರೇಡಿಯೋ ಕರೆ) ಯಾವ ಹಂತದಲ್ಲಿ? ಸೆಸ್ನಾ 172ಎಸ್ ವಿಮಾನ ಹಾರಿಸುವವರೂ ಹೇಳಿ, ಅದರಲ್ಲಿ ಕಾರ್ಬ್ಯುರೇಟರೇ ಇಲ್ಲ ಅನ್ನೋದು ಮಾತ್ರ ನೆನಪಿರಲಿ. ಸರ್ ಹತ್ರವೂ ಕೇಳುತ್ತೇನೆ, ನಿಮ್ಮ ಅನುಭವವೂ ಬೇಕು.