ಸೆಸ್ನಾ 172: ಸ್ಟಾಲ್ 48 ನಾಟ್‌ಗೆ ಅಂತಾರೆ, ತಿರುವಿನಲ್ಲಿ 60 ಮೇಲಿದ್ದರೂ ಹಾರ್ನ್ ಯಾಕೆ?

ಗಾಳಿಪಟ:
172ಎಸ್ ಅನ್ನೋ ಈ ಪುಟ್ಟ ವಿಮಾನದ ಕೈಪಿಡಿಯಲ್ಲಿ ಫ್ಲ್ಯಾಪ್ (ರೆಕ್ಕೆ ಹಿಂಬದಿಯ ಇಳಿಸೋ ಹಲಗೆ) ಇಳಿಸದಾಗ ಸ್ಟಾಲ್ ವೇಗ, ಅಂದ್ರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾಗದ ವೇಗ, 48 ನಾಟ್ ಅಂತಿದೆ. 45 ಡಿಗ್ರಿ ವಾಲಿಸಿ ತಿರುಗಿಸಿದ್ರೆ 60 ದಾಟಿದ್ದರೂ ಸ್ಟಾಲ್ ಎಚ್ಚರಿಕೆಯ ಹಾರ್ನ್ ಕೂಗುತ್ತೆ. ಸ್ಟಾಲ್ ಆಗೋದು ವೇಗದಿಂದಲೋ, ಕೋನದಿಂದಲೋ? ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ಥರ 3000 ಅಡಿ ಎತ್ತರದಲ್ಲಿ ಅಪ್ರೋಚ್ (ಇಳಿಯೋಕೆ ಬರುವಾಗಿನ) ವೇಗ ಹೆಚ್ಚಿಸ್ಕೋಬೇಕಾ?

ಏರೋ ಮೇಷ್ಟ್ರು:
ಕೋನದಿಂದಲೇ. ಮೂಗು ಎಷ್ಟು ಮೇಲೆದ್ದಿದೆ ಅನ್ನೋದಲ್ಲ, ಎದುರು ಬರೋ ಗಾಳಿಗೂ ರೆಕ್ಕೆಗೂ ನಡುವಿನ ಕೋನ: ಆಂಗಲ್ ಆಫ್ ಅಟ್ಯಾಕ್. ಇಂಥ ರೆಕ್ಕೆಯಲ್ಲಿ ಅದು ಸುಮಾರು 15–16 ಡಿಗ್ರಿ ದಾಟಿದ್ರೆ ಗಾಳಿ ಮೇಲ್ಮೈ ಬಿಟ್ಟು ಚೆದುರುತ್ತೆ, ಲಿಫ್ಟ್ (ಮೇಲೆತ್ತೋ ಬಲ) ಕುಸಿಯುತ್ತೆ. ಕೋನ ಬದಲಾಗದೆ ವೇಗ ಅರ್ಧಕ್ಕಿಳಿದ್ರೆ ಲಿಫ್ಟ್ ಕಾಲು ಭಾಗ. ಅದನ್ನು ತುಂಬಿಸೋಕೆ ಕೋನ ಹೆಚ್ಚಿಸ್ತಾ ಹೋಗ್ತೀರಿ. 1157 ಕೆಜಿ ಪೂರ್ತಿ ತೂಕದಲ್ಲಿ, ನೇರ ಹಾರಾಟದಲ್ಲಿ ಕೋನ ಮಿತಿ ಮುಟ್ಟೋದು 48ಕ್ಕೆ. ಆ ಅಂಕಿಗೆ ಅಷ್ಟೇ ಅರ್ಥ.

ಎತ್ತರ ಬಿಡದೆ 45 ಡಿಗ್ರಿ ವಾಲಿದ್ರೆ ರೆಕ್ಕೆ 1.41 ಪಟ್ಟು ಭಾರ ಹೊರಬೇಕು. ಸ್ಟಾಲ್ ವೇಗ ಅದರ ವರ್ಗಮೂಲದಷ್ಟು ಪಟ್ಟು ಏರುತ್ತೆ: ವರ್ಗಮೂಲ 1.19, 48×1.19 = 57. ಹಾರ್ನ್ 5–10 ನಾಟ್ ಮೊದಲೇ ಕೂಗೋದರಿಂದ ನಿಮ್ಮ 60 ಸರಿಯಾಗೇ ಇದೆ. 60 ಡಿಗ್ರಿಗೆ ಸ್ಟಾಲ್ 68.

ಜಕ್ಕೂರಿನಲ್ಲೂ ಮೀಟರ್ ತೋರಿಸೋ ಅಪ್ರೋಚ್ ವೇಗ ಅದೇ ಇರಲಿ. ಗಾಳಿ ತೆಳುವಾದ್ದರಿಂದ ನಿಜವಾದ ವೇಗ ಸುಮಾರು 5% ಹೆಚ್ಚು, ಬಿಸಿಲಿದ್ರೆ ಇನ್ನೂ ಜಾಸ್ತಿ. ಇಳಿದ ಮೇಲೆ ಓಟ ಉದ್ದವಾಗುತ್ತೆ, ಅದಕ್ಕೆ ಜಾಗ ಇಟ್ಕೊಳ್ಳಿ.

ಬಾಲಗರುಡ:
ಮೇಷ್ಟ್ರ ಲೆಕ್ಕ ಜೀವಕ್ಕೆ ಬರೋದು ಬೇಸ್‌ನಿಂದ ಫೈನಲ್‌ಗೆ, ಅಂದ್ರೆ ಇಳಿಯೋ ಮುಂಚೆ ರನ್‌ವೇಗೆ ನೇರವಾಗೋಕೆ ಕೊನೆಯದಾಗಿ ತಿರುಗುವಾಗ. ರನ್‌ವೇ ಗೆರೆ ದಾಟಿಹೋಗಿರುತ್ತೆ, ಹೆಚ್ಚು ವಾಲಿಸೋಕೆ ಭಯ, ಅದಕ್ಕೆ ಒಳಬದಿಯ ರಡ್ಡರ್ (ಬಾಲದ ಚುಕ್ಕಾಣಿಯ ಪೆಡಲ್) ಒತ್ತಿ ಮೂಗು ತಿರುಗಿಸ್ತಾರೆ. ಮೂಗು ಇಳಿಯುತ್ತೆ, ಯೋಕ್ (ಮೂಗು ಏರಿಸಿ ಇಳಿಸೋ ಹಿಡಿ) ಎಳೀತಾರೆ. ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗಿ ಸ್ಪಿನ್, ಅಂದ್ರೆ ಗಿರಗಿರ ಸುತ್ತುತ್ತಾ ಬೀಳೋದು. 500 ಅಡಿಯಲ್ಲಿ ಸುಧಾರಿಸೋಕೆ ಎತ್ತರವೇ ಇರಲ್ಲ. ಗೆರೆ ತಪ್ಪಿದ್ರೆ ಇಳಿಯೋದು ಬಿಟ್ಟು ಮತ್ತೆ ಮೇಲೇರಿ (ಗೋ ಅರೌಂಡ್ ಮಾಡಿ), ನಾಚಿಕೆ ಬೇಡ.

ಸ್ಟಾಲ್ ಆದ್ರೆ ಮೊದಲು ಯೋಕ್ ಮುಂದಕ್ಕೆ, ಆಮೇಲೆ ಪೂರ್ತಿ ಥ್ರಾಟಲ್, ರಡ್ಡರ್‌ನಿಂದ ಮೂಗು ಅತ್ತಿತ್ತ ಹೋಗದಂತೆ ತಡೆಯಿರಿ. ಪೂರ್ತಿ ಫ್ಲ್ಯಾಪ್ ಇದ್ರೆ 20 ಡಿಗ್ರಿಗೆ ತನ್ನಿ. ಬಿದ್ದ ರೆಕ್ಕೆಯನ್ನು ಐಲರಾನ್‌ನಿಂದ (ರೆಕ್ಕೆ ತುದಿಯ ವಾಲಿಸೋ ಹಲಗೆ) ಎತ್ತೋಕೆ ಹೋಗ್ಬೇಡಿ: ಆ ಬದಿ ಐಲರಾನ್ ಕೆಳಗಿಳಿದು ಅಲ್ಲಿನ ಕೋನ ಇನ್ನೂ ಹೆಚ್ಚುತ್ತೆ.

ಮೋಡದಂಚು:
ಮೂಗಿಗೂ ಈ ಕೋನಕ್ಕೂ ಎಷ್ಟು ಅಂತರ ಇರಬಹುದು ಅನ್ನೋದಕ್ಕೆ ಏರ್ ಫ್ರಾನ್ಸ್ 447 ವಿಮಾನ ದುರಂತ ನೋಡಿ, 2009ರ ಜೂನ್ 1. ವೇಗ ಅಳೆಯೋ ಪಿಟೋ ಕೊಳವೆಗೆ ಮಂಜುಗಡ್ಡೆ ಕಟ್ಟಿ ವೇಗದ ಮಾಹಿತಿ ಕೆಟ್ಟಿತು, ಮೂಗು ಎತ್ತಿದ ಎ330 ಸುಮಾರು 38,000 ಅಡಿಯಲ್ಲಿ ಸ್ಟಾಲ್ ಆಯ್ತು. ಬೀಳುವಾಗ ಆಂಗಲ್ ಆಫ್ ಅಟ್ಯಾಕ್ 35 ಡಿಗ್ರಿ ಮೀರಿತ್ತು. ಅಳತೆಗೆ ಸಿಕ್ಕ ವೇಗ 60 ನಾಟ್‌ಗಿಂತ ಕಮ್ಮಿಯಾದಾಗ ಸ್ಟಾಲ್ ಎಚ್ಚರಿಕೆ ಬಂದ್. ಮೂಗು ಇಳಿಸಿದ್ರೆ ವೇಗ ಏರಿ ಮತ್ತೆ ಕೂಗೋದು. ಸರಿಯಾದದ್ದು ಮಾಡಿದಾಗಲೇ ಎಚ್ಚರಿಕೆ ಕೂಗಿದ್ರೆ ಪೈಲಟ್ ಯಾವುದನ್ನು ನಂಬಬೇಕು ಹೇಳಿ?