ಪದಚರ್ಚೆ: ಅಣುಗಳ ‘ಸೆಲ್ಫ್ ಅಸೆಂಬ್ಲಿ’ಗೆ ‘ಸ್ವಯಂಜೋಡಣೆ’ ಒಪ್ಪುತ್ತದೆಯೇ?

ಬಲ್ಲವರೆಲ್ಲರಿಗೂ ದಾವಣಗೆರೆಯಿಂದ ನಮಸ್ಕಾರ.

ಇಲ್ಲಿನ ಬಿಎಸ್ಸಿ ಮಕ್ಕಳಿಗಾಗಿ ರಸಾಯನಶಾಸ್ತ್ರದ ಟಿಪ್ಪಣಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಪ್ಪಟೆ ಗ್ರಾಫೈಟಿನ ಮೇಲೆ ಸಾವಯವ ಅಣುಗಳು ತಾವಾಗಿಯೇ ಸಾಲುಗಟ್ಟುವ ವಿಷಯ. ಇದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಸೆಲ್ಫ್ ಅಸೆಂಬ್ಲಿ’ ಬಂದಲ್ಲಿ ಬರವಣಿಗೆ ನಿಂತಿದೆ.

ಟ್ರೈಮೆಸಿಕ್ ಆಮ್ಲವನ್ನೇ ತೆಗೆದುಕೊಳ್ಳಿ. ಒಂದು ಬೆಂಜೀನ್ ಉಂಗುರ, ಅದರ ಸುತ್ತ ಒಂದು ಬಿಟ್ಟು ಒಂದರಂತೆ ಮೂರು ಕಾರ್ಬಾಕ್ಸಿಲ್ (COOH) ಗುಂಪು. ನೋನನೋಯಿಕ್ ಆಮ್ಲವೆಂಬ ದ್ರವದಲ್ಲಿ ಕರಗಿಸಿ ಒಂದು ಹನಿ ಬಿಟ್ಟರೆ ಅಣುಗಳು ಗ್ರಾಫೈಟಿನ ಮೇಲೆ ಮಲಗಿ, ಹೈಡ್ರೋಜನ್ ಬಂಧಗಳೆಂಬ ಸಡಿಲ ಹಿಡಿತದಿಂದ ಆರುಮೂಲೆ ಕಣ್ಣುಗಳ ಬಲೆಯಾಗುತ್ತವೆ. ಕಣ್ಣಿನ ಅಗಲ ಸುಮಾರು 1 ನ್ಯಾನೋಮೀಟರ್. ವಿಜ್ಞಾನಿಗಳಾದ ಬಿನ್ನಿಗ್ ಮತ್ತು ರೋರರ್ 1981ರಲ್ಲಿ ಜೂರಿಚ್ ಬಳಿ ಕಟ್ಟಿ, 1986ರಲ್ಲಿ ನೊಬೆಲ್ ಪಡೆದ ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪಿನಲ್ಲಿ ಇದು ಕಾಣುತ್ತದೆ. ‘ಕಾಣುತ್ತದೆ’ ಅನ್ನುವುದೂ ಸಡಿಲ ಮಾತೇ: ಅಲ್ಲಿ ಬೆಳಕಿನ ಕೆಲಸವಿಲ್ಲ, ಸೂಜಿಮೊನೆಗೂ ಮೇಲ್ಮೈಗೂ ನಡುವಿನ ವಿದ್ಯುತ್ತಿನ ಏರಿಳಿತವೇ ಚಿತ್ರ.

‘ಸ್ವಯಂಜೋಡಣೆ’ಯ ಬಗ್ಗೆ ನನ್ನ ತಕರಾರು ಇಷ್ಟು. ಜೋಡಣೆ ಅಂದರೆ ನಮ್ಮ ಕಡೆ ಬೋರಿಗೆ ಪೈಪು ಜೋಡಿಸಿದ ಹಾಗೆ. ಜೋಡಿಸುವವನೊಬ್ಬ ಇರುತ್ತಾನೆ, ಬಿಗಿದ ಮೇಲೆ ಮುಗಿಯಿತು. ಇಲ್ಲಿ ಬಂಧ ಸಡಿಲ. ತಪ್ಪು ಜಾಗದಲ್ಲಿ ಕೂತ ಅಣು ಎದ್ದು ಬೇರೆಡೆ ಕೂರಬಲ್ಲದು, ಬಲೆ ಅಷ್ಟು ಚೊಕ್ಕವಾಗುವುದೇ ಅದರಿಂದ. ‘ಸ್ವಯಂಸಂಘಟನೆ’ ಅಂದರೆ ಸ್ವಸಹಾಯ ಸಂಘ ನೆನಪಾಗುತ್ತದೆ. ಅದಿರಲಿ, ಆ ಪದ ‘ಸೆಲ್ಫ್ ಆರ್ಗನೈಸೇಶನ್’ ಎಂಬ ಬೇರೊಂದು ಪದಕ್ಕೆ ಬೇಕಾಗುತ್ತದೆ.

ನನ್ನ ಒಲವು ‘ಓರಣ’ದ ಕಡೆಗೆ. ‘ಅಣುಗಳು ಓರಣಗೊಳ್ಳುತ್ತವೆ’ ಅಂದಾಗ ಓರಣ ಮಾಡುವವನ ಹಂಗಿಲ್ಲ. ನಾಮಪದವಾಗಿ ‘ತನ್ನೋರಣ’ ಅನ್ನಬಹುದೇ? ಅಳುಕಿರುವುದು ‘ತನ್ನ’ ಎಂಬುದರಲ್ಲಿ. ಅದೇ ಅಣುವನ್ನು ಬ್ಯೂಟನೋಯಿಕ್ ಆಮ್ಲದಲ್ಲಿ ಕರಗಿಸಿ ಬಿಟ್ಟರೆ ಬಲೆಯ ವಿನ್ಯಾಸವೇ ಬದಲಾಗಿ ಹೂವಿನ ಮಾದರಿ ಬರುತ್ತದೆ. ಓರಣದಲ್ಲಿ ದ್ರಾವಕಕ್ಕೂ ಪಾಲಿದೆ, ಕೆಳಗಿನ ಗ್ರಾಫೈಟಿಗೂ ಇದೆ. ಹಾಗಾದರೆ ಬರೀ ‘ಅಣು ಓರಣ’ ಸಾಕೇ? ಅದು ಹರಳಿಗೂ ಅನ್ವಯಿಸಿಬಿಡುತ್ತದಲ್ಲ ಎಂಬ ಚಿಂತೆ.

ಜೊತೆಗೆ ಇನ್ನೊಂದು. ‘ಅಡ್ಸಾರ್ಪ್ಶನ್’ಗೆ ‘ಅಧಿಶೋಷಣೆ’ ಬರೆದರೆ ಮಕ್ಕಳು ಹೀರುವಿಕೆ ಎಂದೇ ತಿಳಿಯುತ್ತಾರೆ. ಅಣು ಒಳಗಿಳಿಯುವುದಿಲ್ಲ, ಮೇಲೆಯೇ ಕೂರುತ್ತದೆ. ‘ಮೇಲಂಟು’ ಅನ್ನೋಣವೆಂದರೆ ಗೋಂದು ಹಚ್ಚಿದಂತಾಗುತ್ತದೆ. ಪಾಠ ಮಾಡುವವರು ತರಗತಿಯಲ್ಲಿ ಬಾಯಿಮಾತಿನಲ್ಲಿ ಇದಕ್ಕೆ ಏನೆನ್ನುತ್ತೀರಿ?