ಸಭೆಯವರೇ ಸಾಲ ಕೇಳಿದಾಗ: ಮತ್ತಾಯ 5:42 ಇರುವಾಗ ‘ಇಲ್ಲ’ ಅನ್ನಬಹುದೇ?

ಹಾದಿಹೋಕ (ಪ್ರಶ್ನೆ)

ಕೇಳುವವನಿಗೆ ಕೊಡು, ಸಾಲ ಬೇಕೆಂದು ಬಂದವನಿಗೆ ಮುಖ ತಿರುಗಿಸಬೇಡ ಅಂತ ಮತ್ತಾಯ 5:42ರಲ್ಲಿ ನೇರವಾಗಿಯೇ ಇದೆ. ಅದೇ ಹೊಸ ಒಡಂಬಡಿಕೆಯಲ್ಲಿ 2 ಥೆಸಲೋನಿಕ 3:10 ಕೂಡ ಇದೆ: ದುಡಿಯಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು. ಒಂದೇ ಸಭೆಯಲ್ಲಿ (ಚರ್ಚಿನಲ್ಲಿ) ಆರಾಧನೆಗೆ ಕೂರುವವರು, ಹಿಂದಿನ ಬಾಕಿ ಇರುವಾಗಲೇ ಎರಡನೇ ಸಲ, ಮೂರನೇ ಸಲ ಕೇಳಿದರೆ ಕೊಡುವುದು ವಿಧೇಯತೆಯೋ ಅಥವಾ ಅವರ ದುರಭ್ಯಾಸಕ್ಕೆ ನೀರೆರೆಯುವುದೋ?

‘ಪ್ರಾರ್ಥನೆ ಮಾಡಿ ನಿರ್ಧರಿಸಿ’ ಅನ್ನುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಹೇಳಿದರೆ ಉಪಕಾರ. ಎಷ್ಟು ಕೊಡಬೇಕು? ವಿಶ್ವಾಸಿಗಳ ನಡುವೆ ಬರೆದುಕೊಳ್ಳುವುದು ಸರಿಯೇ? ಬ್ಯಾಂಕಿನ ಸಾಲಕ್ಕೆ ಜಾಮೀನು ಹಾಕಬಹುದೇ?

ಲೆಕ್ಕದ ಪುಸ್ತಕ

ಹಣ ಕೈ ಬದಲಾಗುವ ಮೊದಲೇ ಇದು ಸಾಲವೋ ಕೊಡುಗೆಯೋ ಎಂದು ಬಾಯಿಬಿಟ್ಟು ಹೇಳಿ. ಸಭೆಗಳಲ್ಲಿ ಸಂಬಂಧ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಕೊಟ್ಟವರು ದಾಕ್ಷಿಣ್ಯಕ್ಕೆ ‘ಇದ್ದಾಗ ಕೊಡಿ ಬಿಡಿ’ ಅಂದಿರುತ್ತಾರೆ, ಮನಸ್ಸಿನಲ್ಲಿ ಲೆಕ್ಕ ಇಟ್ಟಿರುತ್ತಾರೆ. ತೆಗೆದುಕೊಂಡವರು ಅದನ್ನು ಕೊಡುಗೆ ಎಂದೇ ಕೇಳಿಸಿಕೊಂಡಿರುತ್ತಾರೆ. ಆರು ತಿಂಗಳಾದ ಮೇಲೆ ಇಬ್ಬರಿಗೂ ಮೋಸ ಹೋದ ಭಾವನೆ.

ಎಷ್ಟು ಎಂಬುದಕ್ಕೆ ಲೂಕ 6:34–35 ಸಾಕು. ವಾಪಸ್ಸಿನ ನಿರೀಕ್ಷೆ ಇಲ್ಲದೆ ಸಾಲ ಕೊಡಿ ಎನ್ನುತ್ತದೆ. ಹಾಗಾದರೆ, ಪೂರ್ತಿ ಮುಳುಗಿಹೋದರೂ ನಿಮ್ಮ ಮನೆಯ ಆ ತಿಂಗಳ ಖರ್ಚು ಅಲುಗಾಡದಷ್ಟೇ ನಿಮ್ಮ ಮಿತಿ. ಕೇಳಿದ್ದು ಅದಕ್ಕಿಂತ ಹೆಚ್ಚಿದ್ದರೆ ಒಂದು ಭಾಗವನ್ನು ‘ಇದು ವಾಪಸ್ ಬೇಡ’ ಎಂದು ಕೊಟ್ಟು ಅಲ್ಲಿಗೆ ಮುಗಿಸಿ. ಸಾಲ ಮಾಡಿ ದಾನ ಕೊಡಬೇಕು ಎಂದು ಎಲ್ಲಿಯೂ ಇಲ್ಲ. ಕೊಡುವ ಮನಸ್ಸಿದ್ದರೆ ಇದ್ದದ್ದರ ಪ್ರಕಾರ ಕೊಟ್ಟದ್ದೇ ಸಮರ್ಪಕ, ಬೇರೆಯವರ ಭಾರ ಇಳಿಸಲು ಹೋಗಿ ನೀವೇ ಭಾರದಲ್ಲಿ ಸಿಕ್ಕಿಕೊಳ್ಳಬೇಕಿಲ್ಲ ಎನ್ನುವುದು 2 ಕೊರಿಂಥ 8:12–13ರ ತಾತ್ಪರ್ಯ.

ಸಾಲವೇ ಆದರೆ ಬರೆದುಕೊಳ್ಳಿ. ಒಂದೇ ಹಾಳೆ, ಎರಡು ಪ್ರತಿ: ಮೊತ್ತ, ಕೊಟ್ಟ ದಿನ, ಕಂತು ಎಷ್ಟು, ಯಾವ ತಾರೀಖು, ಕಟ್ಟಲಾಗದಿದ್ದರೆ ಎಷ್ಟು ದಿನದೊಳಗೆ ತಿಳಿಸಬೇಕು. ಬರೆದರೆ ನಂಬಿಕೆ ಇಲ್ಲ ಎಂದರ್ಥವಲ್ಲ. ಫಿಲೆಮೋನನ ದಾಸ ಒನೇಸಿಮನ ಬಾಕಿಯನ್ನು ನಾನೇ ತೀರಿಸುತ್ತೇನೆಂದು ಪೌಲನೇ ಸ್ವಂತ ಕೈಯಿಂದ ಬರೆದುಕೊಟ್ಟಿದ್ದಾನೆ (ಫಿಲೆಮೋನ 18–19). ಬಡ್ಡಿ ಬೇಡ. ಕಷ್ಟಕ್ಕೆ ಬಿದ್ದ ಸಹೋದರನಿಂದ ಬಡ್ಡಿ ತೆಗೆಯುವುದನ್ನು ವಿಮೋಚನಕಾಂಡ 22:25, ಯಾಜಕಕಾಂಡ 25:35–37 ಎರಡೂ ತಡೆಯುತ್ತವೆ.

ಒತ್ತೆಯ ವಿಷಯದಲ್ಲಿ ಧರ್ಮೋಪದೇಶಕಾಂಡ 24 ನಿಧಾನವಾಗಿ ಓದಬೇಕಾದ ಅಧ್ಯಾಯ. ಬೀಸುವ ಕಲ್ಲನ್ನು ಒತ್ತೆಗೆ ತೆಗೆದುಕೊಳ್ಳಬಾರದು (ವಚನ 6), ಏಕೆಂದರೆ ಅದು ಆ ಮನೆಯ ದಿನದ ಅನ್ನ. ಬಡವನ ಹೊದಿಕೆಯನ್ನು ಹೊತ್ತು ಮುಳುಗುವಷ್ಟರಲ್ಲಿ ತಿರುಗಿ ಕೊಡಬೇಕು. ಇನ್ನೊಂದು ಸೂಕ್ಷ್ಮ ವಚನ 10–11ರಲ್ಲಿದೆ: ಸಾಲ ಕೊಟ್ಟವನು ಒತ್ತೆ ತರಲು ಮನೆಯೊಳಗೆ ಕಾಲಿಡಬಾರದು, ಹೊರಗೇ ನಿಲ್ಲಬೇಕು, ಏನು ಕೊಡುವುದೆಂದು ಆರಿಸಿ ಹೊರಗೆ ತರುವವನು ಸಾಲಗಾರನೇ. ಕೊಟ್ಟ ಮಾತ್ರಕ್ಕೆ ಅವನ ಮನೆಯಲ್ಲಿ ಏನಿದೆ, ಏನು ಕೊಂಡರು, ಎಲ್ಲಿಗೆ ಹೋದರು ಎಂದು ಇಣುಕುವ ಹಕ್ಕು ಬರುವುದಿಲ್ಲ. ದುಡಿಯುವ ಸಲಕರಣೆ, ಕೆಲಸಕ್ಕೆ ಹೋಗುವ ಗಾಡಿ, ಫೋನು ಇವನ್ನೆಲ್ಲ ಒತ್ತೆಯಾಗಿ ಕೇಳಲೇಬೇಡಿ.

ಜಾಮೀನು ಮಾತ್ರ ಬೇರೆಯೇ ವಿಷಯ. ಜ್ಞಾನೋಕ್ತಿ 6:1–5, 22:26–27 ಎರಡೂ ಕಟುವಾಗಿವೆ, ಕಾರಣವೂ ಇದೆ. ಸಹಿ ಹಾಕಿದ ಮೇಲೆ ಅದು ನಿಮ್ಮದೇ ಸಾಲ, ಆದರೆ ಯಾವಾಗ, ಎಷ್ಟು ಎಂಬುದು ಮಾತ್ರ ನಿಮ್ಮ ಕೈಯಲ್ಲಿಲ್ಲ. ಕಂತು ನಿಂತರೆ ಉಳಿದ ಅಸಲು, ಬಡ್ಡಿ, ದಂಡ ಎಲ್ಲವೂ ನಿಮ್ಮ ಬಾಗಿಲಿಗೆ ಬರಬಹುದು. 36 ಕಂತಿಗೆ ಸಹಿ ಹಾಕುವ ಬದಲು ಎರಡು ಕಂತನ್ನು ನೀವೇ ಕಟ್ಟಿಬಿಡಿ.

ಜೋಡಿ ಚಪ್ಪಲಿ

ಮೇಲಿನವರು ಕೊಡುವವರ ಕಡೆಯಿಂದ ಸರಿಯಾಗಿ ಹೇಳಿದ್ದಾರೆ. ಆದರೆ ಮೂರನೇ ಸಲ ಕೇಳುತ್ತಿದ್ದಾರೆ ಎಂದರೆ ಅಲ್ಲಿ ಕಾಸಿನ ಕೊರತೆಗಿಂತ ಬೇರೇನೋ ಇದೆ. ಹಣಕ್ಕಿಂತ ಮೊದಲು ಅವರಿಗೆ ಒಂದು ಗಂಟೆ ಕೊಡಿ, ಅವರು ಒಪ್ಪಿದರೆ ಮಾತ್ರ. ಎದುರಿಗೆ ಬಿಳಿ ಹಾಳೆ. ಒಂದು ಬದಿಗೆ ಬರುವ ಹಣ. ಇನ್ನೊಂದು ಬದಿಗೆ ತಪ್ಪಿಸಲಾಗದ ಖರ್ಚು: ಬಾಡಿಗೆ, ಊಟ, ಔಷಧಿ, ಮಕ್ಕಳ ಫೀಸು. ಕೆಳಗೆ ಸಾಲಗಳ ಪಟ್ಟಿ, ಪ್ರತಿಯೊಂದಕ್ಕೂ ಯಾರಿಗೆ, ಎಷ್ಟು ಬಾಕಿ, ಬಡ್ಡಿ ಎಷ್ಟು, ಯಾವ ತಾರೀಖು. ಲೆಕ್ಕದ ಪ್ರಕಾರ ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸಬೇಕು, ಆದರೆ ಮನೆ ಖಾಲಿ ಮಾಡಿಸುವುದು, ಕರೆಂಟು ಕತ್ತರಿಸುವುದು ಎದುರಿಗಿದ್ದರೆ ಅದಕ್ಕೇ ಮೊದಲ ಸ್ಥಾನ.

ಇಲ್ಲಿ ಸಾಮಾನ್ಯವಾಗಿ ಒಂದು ಎಡವಟ್ಟು ಆಗುತ್ತದೆ. ಮೊದಲ ದಿನ ಪಟ್ಟಿ ಪೂರ್ತಿ ಇರುವುದಿಲ್ಲ. ನಾಚಿಕೆಯ ಸಾಲವೇ ಬಿಟ್ಟುಹೋಗಿರುತ್ತದೆ: ವಾರದ ಬಡ್ಡಿಯ ಕೈಸಾಲ, ಆನ್‌ಲೈನ್ ಜೂಜು, ಹೆಂಡತಿಗೆ ಗೊತ್ತಿಲ್ಲದ ಇನ್ನೊಂದು. ಹಾಗಾಗಿ ಮೊದಲ ಪಟ್ಟಿ ನೋಡಿ ದೊಡ್ಡ ಮೊತ್ತ ಕೊಡಬೇಡಿ. ಒಂದು ವಾರ ಬಿಟ್ಟು ಮತ್ತೆ ಕೂತು ‘ಇದರಲ್ಲಿ ಬಿಟ್ಟುಹೋದದ್ದು ಏನಾದರೂ ಇದೆಯಾ?’ ಎಂದು ಕೇಳಿ. ಉತ್ತರ ಬರುವುದು ಆಗಲೇ.

ಜೂಜು ಅಥವಾ ಕುಡಿತ ಎಂದು ಗೊತ್ತಾದರೆ ನಗದು ನಿಲ್ಲಬೇಕು, ಸಹಾಯ ನಿಲ್ಲಬಾರದು. ಬಾಡಿಗೆ ಮನೆ ಮಾಲೀಕರಿಗೆ, ಫೀಸು ಶಾಲೆಗೆ, ಔಷಧಿಯ ಹಣ ಅಂಗಡಿಗೆ. 2 ಥೆಸಲೋನಿಕ 3:10 ಹೇಳುವುದು ದುಡಿಯಲು ಮನಸ್ಸಿಲ್ಲದವನ ಬಗ್ಗೆ. ಕೆಲಸ ಸಿಗದವರನ್ನು, ರೋಗದಲ್ಲಿ ಬಿದ್ದವರನ್ನು ಅದರ ಕೆಳಗೆ ತಂದು ನಿಲ್ಲಿಸುವುದು ಅನ್ಯಾಯ. ಒಳ್ಳೆಯದು ಮಾಡುವುದರಲ್ಲಿ ಬೇಸರಪಡಬೇಡಿ ಎಂದು ವಚನ 13 ಹೇಳುತ್ತದೆ, ಹತ್ತನೆಯದನ್ನು ಉದ್ಧರಿಸುವವರು ಅಲ್ಲಿಯವರೆಗೆ ಓದುವುದೇ ಇಲ್ಲ.

ಒಬ್ಬರೇ ಹೋಗಬೇಡಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಸಂತ ವಿನ್ಸೆಂಟ್ ದೆ ಪಾಲ್ ಸೊಸೈಟಿಯವರು ಬಡವರ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗುವ ಪದ್ಧತಿ ಇಟ್ಟುಕೊಂಡಿದ್ದಾರೆ. ಒಬ್ಬರೇ ಆದರೆ ಒಂದೋ ಮೋಸ ಹೋಗುತ್ತೇವೆ, ಇಲ್ಲವೋ ಆ ಮನೆಯ ಯಜಮಾನರಾಗಿಬಿಡುತ್ತೇವೆ. ಎರಡನೆಯದೇ ಹೆಚ್ಚು ಅಪಾಯ.

ಸಭೆಯಿಂದ ಚಿಕ್ಕ ಸಾಲನಿಧಿ ಮಾಡುವ ಯೋಚನೆ ಇದ್ದರೆ ಮೆಥಡಿಸ್ಟ್ ಪಂಥ ಶುರುಮಾಡಿದ ಬೋಧಕ ಜಾನ್ ವೆಸ್ಲಿ 1746ರಲ್ಲಿ ಲಂಡನ್ನಿನಲ್ಲಿ ಮಾಡಿದ್ದು ನೋಡಿ. ಒಂದು ಸಲಕ್ಕೆ 20 ಶಿಲಿಂಗ್ ಮಿತಿ, ವಾರವಾರ ಮರುಪಾವತಿ, ಮೂರು ತಿಂಗಳಲ್ಲಿ ಪೂರ್ತಿ ತೀರಬೇಕು. ಮೊತ್ತ ಚಿಕ್ಕದು, ಅವಧಿ ಚಿಕ್ಕದು, ಕಂತು ವಾರಕ್ಕೊಂದು. ಹೀಗಿದ್ದರೆ ತೊಂದರೆ ಮೊದಲ ವಾರವೇ ಕಣ್ಣಿಗೆ ಬೀಳುತ್ತದೆ. ವರ್ಷದ ಕೊನೆಗೆ ಒಟ್ಟಿಗೆ ಕೊಡುತ್ತೇನೆ ಎನ್ನುವ ಸಾಲದಲ್ಲಿ ತೊಂದರೆ ಗೊತ್ತಾಗುವುದೇ ವರ್ಷ ಕಳೆದ ಮೇಲೆ.

ಮುಲಾಜಿಲ್ಲ

ಸ್ವಲ್ಪ ತಕರಾರು ಇದೆ. ಮಗುವಿಗೆ ರಾತ್ರಿ ಊಟ ಇಲ್ಲ ಅಂದವರ ಎದುರು ಬಿಳಿ ಹಾಳೆ ಹಿಡಿದು ಕೂರುತ್ತೀರಾ? ಸಮಾಧಾನದಿಂದ ಹೋಗಿ, ಬೆಚ್ಚಗಿರಿ ಎಂದು ಬರೀ ಮಾತು ಹೇಳಿ ಕಳಿಸುವುದನ್ನು ಯಾಕೋಬ 2:15–16 ಬೈಯುವುದು ಇದನ್ನೇ. ಕೈಯಲ್ಲಿ ಇಟ್ಟುಕೊಂಡೇ ‘ನಾಳೆ ಬಾ’ ಅನ್ನಬೇಡ ಎಂದು ಜ್ಞಾನೋಕ್ತಿ 3:27–28. ಎರಡು ದಿನದ ಊಟ, ಔಷಧಿ ಇಷ್ಟಕ್ಕೆ ಪ್ರಶ್ನೆಯೇ ಬೇಡ. ಹೊಟ್ಟೆ ತುಂಬಿದ ಮೇಲೆ ಹಾಳೆ.

ಇನ್ನೊಂದು, ‘ಪ್ರಾರ್ಥನಾ ವಿನಂತಿ’ಯ ಹೆಸರಿನಲ್ಲಿ ಕಷ್ಟದಲ್ಲಿರುವವರ ಹೆಸರು, ಬಾಕಿ ಎಲ್ಲ ಸಭೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವವರಿದ್ದಾರೆ. ದೇವರಿಗೆ ಹೆಸರು ಗೊತ್ತಿದೆ, ಗುಂಪಿಗೆ ಗೊತ್ತಾಗಬೇಕಿಲ್ಲ. ಮತ್ತಾಯ 6:3–4 ಕೊಡುವವರ ಹೆಮ್ಮೆಗೆ ಹೇಗೆ ಕಡಿವಾಣವೋ ಪಡೆಯುವವರ ಮಾನಕ್ಕೂ ಹಾಗೇ ಕಾವಲು.

ಜೋಡಿ ಚಪ್ಪಲಿ

ಒಪ್ಪಿದೆ, ತುರ್ತಿಗೆ ಹಾಳೆ ಬೇಡ. ಸಭೆಯ ನಿಧಿಯಲ್ಲಿ ಎರಡು ದಿನದ ಖರ್ಚಿನಷ್ಟನ್ನು ಒಬ್ಬ ಸಭಾಸೇವಕರೇ ಯಾರನ್ನೂ ಕೇಳದೆ ಕೊಡಬಹುದು, ಅದಕ್ಕೆ ಮೇಲ್ಪಟ್ಟರೆ ಇಬ್ಬರ ಸಹಿ ಎಂದು ಮೊದಲೇ ಗೆರೆ ಹಾಕಿಡಿ. ಕಾಣಿಕೆಯ ಹಣವನ್ನು ಪೌಲ ಕೂಡ ಒಬ್ಬನೇ ಒಯ್ಯಲಿಲ್ಲ, ಯಾರೂ ಬೊಟ್ಟು ಮಾಡಬಾರದೆಂದು ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡ (2 ಕೊರಿಂಥ 8:19–21).

ಅಂದಹಾಗೆ ಲೂಕ 10ರಲ್ಲಿ ಯೇಸು ಹೇಳಿದ ಕಥೆಯ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿನ ಪೂರ್ವಾಪರ ವಿಚಾರಿಸಲಿಲ್ಲ, ನಿಜ. ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ ಛತ್ರಕ್ಕೆ ಒಯ್ದ. ಆದರೆ ಎರಡು ದೆನಾರಿಯಸ್ ನಾಣ್ಯ ಕೊಟ್ಟದ್ದು ಛತ್ರದವನ ಕೈಗೆ. ಮತ್ತಾಯ 20:2ರ ಪ್ರಕಾರ ಅದು ಎರಡು ದಿನದ ಕೂಲಿ. ಹೆಚ್ಚಿಗೆ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಅಂದ. ತಕ್ಷಣದ ಆರೈಕೆ, ಮಿತಿಯ ಮುಂಗಡ, ಮತ್ತೆ ಬಂದು ನೋಡುವ ಮಾತು ಮೂರೂ ಒಂದೇ ಕಥೆಯಲ್ಲಿವೆ.

ಹಾದಿಹೋಕ

ತುಂಬಾ ಸಹಾಯವಾಯಿತು. ಇನ್ನೆರಡು ಉಳಿದಿವೆ. ಗಂಡ ಅಥವಾ ಹೆಂಡತಿ ಒಪ್ಪದಿದ್ದರೆ ಗುಟ್ಟಾಗಿ ಕೊಡಬಹುದೇ? ಕೊಟ್ಟದ್ದು ಬರದೇ ಹೋದರೆ ಮುಂದೇನು?

ಲೆಕ್ಕದ ಪುಸ್ತಕ

ಗುಟ್ಟಾಗಿ ಬೇಡ. ತಂದೆತಾಯಿಗೆ ಸಲ್ಲಬೇಕಾದ್ದನ್ನು ‘ಕೊರ್ಬಾನ್’ ಎಂದು ದೇವರ ಹೆಸರಿಗೆ ಬರೆದವರನ್ನು ಯೇಸು ಮಾರ್ಕ 7:11–13ರಲ್ಲಿ ಖಂಡಿಸುತ್ತಾನೆ. ಸ್ವಂತ ಮನೆಯವರನ್ನು ನೋಡಿಕೊಳ್ಳದವನ ಬಗ್ಗೆ 1 ತಿಮೊಥೆ 5:8 ಇನ್ನೂ ಗಟ್ಟಿ. ಇಬ್ಬರೂ ಕೂತು ತಿಂಗಳಿಗೆ ಇಷ್ಟು ಎಂದು ಎತ್ತಿಡಿ. ಅದರೊಳಗೆ ಯಾರು ಯಾರಿಗೆ ಕೊಟ್ಟರೂ ಪ್ರಶ್ನೆ ಇಲ್ಲ, ಅದನ್ನು ಮೀರಿದರೆ ಇಬ್ಬರ ಒಪ್ಪಿಗೆ ಬೇಕು. ಪ್ರತಿ ಸಲದ ಜಗಳ ತಪ್ಪುತ್ತದೆ.

ಕಂತು ತಪ್ಪಿದರೆ ಮಾರನೆಯ ದಿನವೇ, ಒಬ್ಬರೇ ಇರುವಾಗ ಕೇಳಿ. ಮತ್ತಾಯ 18:15ರ ಮೊದಲ ಮೆಟ್ಟಿಲು ಅದೇ. ಆರು ತಿಂಗಳು ಒಳಗೇ ಕುದಿದು ಕೇಳಿದರೆ ಮಾತು ಸಾಲದ್ದಾಗಿರುವುದಿಲ್ಲ, ಆರು ತಿಂಗಳ ಸಿಟ್ಟಿನದ್ದಾಗಿರುತ್ತದೆ. ಆರಾಧನೆಯ ಮುಂಚೆ, ಆಮೇಲೆ, ಸಭೆಯ ಅಂಗಳದಲ್ಲಿ ಮಾತ್ರ ಕೇಳಲೇಬೇಡಿ. ಮರುವಾರದಿಂದ ಅವರು ಬರುವುದನ್ನೇ ನಿಲ್ಲಿಸುತ್ತಾರೆ. ಕಟ್ಟಲಾಗದು ಎಂದರೆ ಕಂತನ್ನು ಅರ್ಧ ಮಾಡಿ ಹೊಸ ತಾರೀಖು ಬರೆಯಿರಿ. ಸುಳ್ಳು, ತಪ್ಪಿಸಿಕೊಳ್ಳುವುದು ಶುರುವಾದರೆ ವಚನ 16ರಂತೆ ಒಂದಿಬ್ಬರನ್ನು ಕರೆದುಕೊಂಡು ಹೋಗಿ. ಸಹೋದರರ ನಡುವಿನ ವ್ಯಾಜ್ಯ ಕೋರ್ಟಿಗೆ ಹೋಗುವುದಕ್ಕಿಂತ ಸಭೆಯಲ್ಲೇ ಒಬ್ಬ ವಿವೇಕಿ ತೀರಿಸಲಿ, ಅದೂ ಆಗದಿದ್ದರೆ ನಷ್ಟ ಸಹಿಸಬಾರದೇಕೆ ಎನ್ನುತ್ತದೆ 1 ಕೊರಿಂಥ 6:5–7.

ಮನ್ನಾ ಮಾಡುವುದಾದರೆ ಪೂರ್ತಿ ಮಾಡಿ. ‘ನೋಡೋಣ ಬಿಡಿ’ ಅಂದರೆ ಮನ್ನಾ ಅಲ್ಲ, ಅವರು ನಿಮ್ಮನ್ನು ಕಂಡಾಗಲೆಲ್ಲ ದಾರಿ ಬದಲಿಸುತ್ತಾರೆ. ಹಾಳೆಯ ಎರಡೂ ಪ್ರತಿಯಲ್ಲಿ ‘ತೀರಿದೆ’ ಎಂದು ಬರೆದು ತಾರೀಖು, ಸಹಿ ಹಾಕಿ. ಸಾಲಗಾರರ ಪಾಲೂ ಇದೆ ಅನ್ನಿ: ತೆಗೆದುಕೊಂಡು ತೀರಿಸದವನನ್ನು ಕೀರ್ತನೆ 37:21 ದುಷ್ಟನೆಂದೇ ಕರೆಯುತ್ತದೆ. ಮೋಸದಿಂದ ಪಡೆದದ್ದಾದರೆ ಯಾಜಕಕಾಂಡ 6:5 ಅಸಲಿನ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಡಿಸುತ್ತದೆ.

ಮುಲಾಜಿಲ್ಲ

‘ಇಲ್ಲ’ ಅನ್ನುವ ಬಗೆ ಯಾರೂ ಹೇಳಲಿಲ್ಲ. ಅದೇ ದಿನ ಹೇಳಿ, ಎರಡು ವಾರ ಫೋನ್ ಎತ್ತದೆ ಸತಾಯಿಸಬೇಡಿ. ಕಾರಣ ಒಂದೇ ವಾಕ್ಯ ಸಾಕು, ನಿಮ್ಮ ಕಷ್ಟದ ಪಟ್ಟಿ ಬಿಚ್ಚಬೇಡಿ. ಹಿಂದೆಯೇ ಏನು ಮಾಡಬಲ್ಲಿರಿ ಅನ್ನುವುದನ್ನು ದಿನದ ಸಮೇತ ಹೇಳಿ: ಶನಿವಾರ ಬ್ಯಾಂಕಿಗೆ ಜೊತೆಗೆ ಬರುತ್ತೇನೆ, ಮಂಗಳವಾರ ಆಸ್ಪತ್ರೆಯಲ್ಲಿ ನಾನು ಕೂರುತ್ತೇನೆ. ‘ಪ್ರಾರ್ಥನೆ ಮಾಡುತ್ತೇನೆ’ ಅನ್ನುವುದನ್ನು ಮಾತ್ರ ಜಾರಿಕೊಳ್ಳುವ ಬಾಗಿಲಾಗಿ ಬಳಸಬೇಡಿ. ಮಾಡುವುದಾದರೆ ಅಲ್ಲೇ, ಅವರ ಜೊತೆಯಲ್ಲೇ ಮಾಡಿ.